ಐವತ್ತು ಸಾವಿರದ ಲ್ಯಾಪ್‌ಟಾಪ್, ಹೊರಗಿನ ಗ್ರಾಫಿಕ್ಸ್ ಕಾರ್ಡ್ ಮತ್ತು ಕೊಡಗಿನ ಕರೆಂಟು

ಪಿಯುಸಿ ಮುಗಿದು ಸಿಇಟಿ ಸೀಟು ಕೈಗೆ ಬರುವ ಹೊತ್ತಿಗೆ ಕೊಡಗಿನಲ್ಲಿ ಮಳೆ ಹಿಡಿದಿರುತ್ತದೆ. ಕಾಫಿ ಮಾರಿದ ದುಡ್ಡು ಗೊಬ್ಬರಕ್ಕೆ, ಆಳುಗಳ ಕೂಲಿಗೆ, ಕಾಲೇಜು ಫೀಸಿಗೆ ಹಂಚಿಹೋಗಿರುತ್ತದೆ. ಮತ್ತೆ ಕಾಸು ಕಾಣಬೇಕಾದರೆ ಅರೇಬಿಕಾದವರು ನವೆಂಬರ್–ಡಿಸೆಂಬರ್ ತನಕ, ರೋಬಸ್ಟಾದವರು ಜನವರಿ ದಾಟುವ ತನಕ ಕಾಯಬೇಕು. ಮನೆಯಲ್ಲಿ ಲ್ಯಾಪ್‌ಟಾಪಿನ ಮಾತು ಏಳುವುದು ಸರಿಯಾಗಿ ಈ ಕೈ ಬಿಗಿಯಾದ ತಿಂಗಳುಗಳಲ್ಲೇ. ಆಗ ಯೂಟ್ಯೂಬ್ ವಿಡಿಯೊಗಳನ್ನು ಅರೆದು ಕುಡಿದ ಮಗನೋ ಮಗಳೋ ಒಂದು ಉಪಾಯ ತೆಗೆಯುತ್ತಾರೆ: “ಅಪ್ಪಾ, ಈಗ ಐವತ್ತು ಸಾವಿರದೊಳಗೆ ಒಂದು ಸಾದಾ ಲ್ಯಾಪ್‌ಟಾಪ್ ತಗೊಳ್ಳೋಣ. ಕಾಫಿ ದುಡ್ಡು ಬಂದ ಮೇಲೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿದರೆ ಆಯ್ತು, ಗೇಮಿಂಗ್ ಲ್ಯಾಪ್‌ಟಾಪೇ ಆಗುತ್ತೆ.”

ಉಪಾಯ ಪೂರ್ತಿ ಸುಳ್ಳಲ್ಲ. ಡೆಸ್ಕ್‌ಟಾಪಿಗೆ ಹಾಕುವ ಗ್ರಾಫಿಕ್ಸ್ ಕಾರ್ಡನ್ನು (ಪರದೆಯ ಚಿತ್ರ ತಯಾರಿಸುವ ಬಿಡಿಭಾಗ) ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸುವ ವ್ಯವಸ್ಥೆ, ಅಂದರೆ ಇಜಿಪಿಯು, ಇದೆ. ಕೆಲಸವನ್ನೂ ಮಾಡುತ್ತದೆ. ತೊಡಕಿರುವುದು ಕಂತಿನ ಲೆಕ್ಕದಲ್ಲಿ. ಎರಡನೇ ಕಂತು ಸಾಧ್ಯವೋ ಇಲ್ಲವೋ ಎನ್ನುವುದು ಮೊದಲ ಕಂತಿನ ದಿನ, ಅಂಗಡಿಯಲ್ಲಿ ನಿಂತಿರುವಾಗಲೇ ತೀರ್ಮಾನವಾಗಿಬಿಡುತ್ತದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಪುಟ್ಟ ಕಿಂಡಿ ಯಾವ ಜಾತಿಯದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ, ಮತ್ತು ಆ ಕಿಂಡಿಯನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಆದ್ದರಿಂದ ಬಜೆಟ್ಟಿನೊಳಗೆ ಲ್ಯಾಪ್‌ಟಾಪ್ ಆರಿಸುವವರಿಗೆ ನಾನು ಹೇಳುವುದು ಒಂದೇ: ಆಮೇಲೆ ಬದಲಿಸಲಾಗದ ಭಾಗಗಳಿಗೆ ಈಗ ದುಡ್ಡು ಹಾಕಿ, ಬದಲಿಸಬಹುದಾದದ್ದನ್ನು ಕೊಯ್ಲಿನ ತನಕ ಮುಂದೂಡಿ.

ಮೊದಲ ದಿನವೇ ಗಟ್ಟಿಯಾಗುವ ಸಂಗತಿಗಳು

ಎಸ್‌ಎಸ್‌ಡಿಯನ್ನು (ಫೈಲುಗಳು ಕೂರುವ ಡ್ರೈವ್) ಆಮೇಲೆ ದೊಡ್ಡದು ಮಾಡಿಕೊಳ್ಳಬಹುದು. ಬ್ಯಾಟರಿ ಸತ್ತರೆ ಹೊಸದು ಹಾಕಿಸಬಹುದು. ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಸ್ಲಾಟಿನಲ್ಲಿದ್ದರೆ ಅದನ್ನೂ ಏರಿಸಬಹುದು. ಆದರೆ ಪ್ರೊಸೆಸರ್, ಬೋರ್ಡಿಗೇ ಬೆಸೆದ ರ‍್ಯಾಮ್, ಪಕ್ಕದ ಪೋರ್ಟುಗಳು ಇವೆಲ್ಲ ಕೊಂಡ ದಿನದಂತೆಯೇ ಕೊನೆಯ ತನಕ. ಪರದೆಯನ್ನು ಬದಲಿಸಬಹುದಾದರೂ ಆ ಖರ್ಚಿಗೆ ಯಾರೂ ಕೈ ಹಾಕುವುದಿಲ್ಲ.

ಪ್ರೊಸೆಸರಿನ ಹೆಸರಲ್ಲೇ ಮೊದಲ ಮೋಸ ಅಡಗಿರುತ್ತದೆ. “ರೈಜನ್ 5” ಎಂದೋ “ಐ3” ಎಂದೋ ಸ್ಟಿಕ್ಕರ್ ಓದಿ ಸಮಾಧಾನಪಟ್ಟರೆ ಸಾಲದು, ಅದರ ಮುಂದಿನ ಅಂಕಿಗಳನ್ನು ಓದಬೇಕು. ಎಎಂಡಿಯ ರೈಜನ್ 5 7520ಯು ಮತ್ತು ರೈಜನ್ 5 7530ಯು ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿವೆ. ಒಂದೇ ಒಂದು ಅಂಕಿಯ ವ್ಯತ್ಯಾಸ. ಆದರೆ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಮೂರನೇ ಅಂಕಿ ಹೇಳುವುದು ಒಳಗಿನ ವಿನ್ಯಾಸ ಯಾವ ತಲೆಮಾರಿನದು ಎಂಬುದನ್ನು. 7520ಯು ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ). 7530ಯು ಒಳಗಿರುವುದು ಅದರ ನಂತರದ ಝೆನ್ 3, ಆರು ಕೋರ್. ಮೊದಲನೆಯದರ ಗ್ರಾಫಿಕ್ಸ್ ಕೂಡ ಬಡಪಾಯಿ, ಜೊತೆಗೆ ಅದಕ್ಕೆ ಹೊಂದುವುದು ಬೋರ್ಡಿಗೆ ಬೆಸೆಯುವ ಜಾತಿಯ ರ‍್ಯಾಮ್ ಮಾತ್ರ. 8 ಜಿಬಿ ಇರುವ ಅಂಥ ಲ್ಯಾಪ್‌ಟಾಪ್ ಕೊಂಡರೆ ಅದು ಸಾಯುವ ತನಕ 8 ಜಿಬಿಯೇ.

ಇಂಟೆಲ್ ಕಡೆಯೂ ಇದೇ ಕಥೆ. ಐ3-1215ಯು ಮತ್ತು ಐ3-ಎನ್305 ಎರಡಕ್ಕೂ ಐ3 ಎಂದೇ ಹೆಸರು. ಎನ್ ಸರಣಿಯದರಲ್ಲಿ ಕರೆಂಟು ಉಳಿಸುವ ಚಿಕ್ಕ ಕೋರ್‌ಗಳಷ್ಟೇ ಇವೆ, ಎಂಟು ಇದ್ದರೂ ಎಂಟೂ ಚಿಕ್ಕವೇ. 1215ಯು ಒಳಗೆ ಎರಡು ದೊಡ್ಡ ಕೋರ್, ನಾಲ್ಕು ಚಿಕ್ಕವು. ಟ್ಯಾಲಿ, ನುಡಿ, ಬ್ರೌಸರ್ ಎಂದಿರುವವರಿಗೆ ಎನ್ ಸರಣಿಯೂ ನಡೆಯುತ್ತದೆ, ನಾಲ್ಕು ವರ್ಷದ ಬಿಇ ಓದುವವರಿಗೆ ಬೇಡ. ಕೊನೆಯ ಅಕ್ಷರವನ್ನೂ ಗಮನಿಸಿ: ಯು ಎಂದರೆ ತಂಪು, ಕಡಿಮೆ ಕರೆಂಟು, ಹೆಚ್ಚು ಹೊತ್ತಿನ ಬ್ಯಾಟರಿ. ಎಚ್ ಎಂದರೆ ಬಲ ಜಾಸ್ತಿ, ಬಿಸಿಯೂ ಜಾಸ್ತಿ, ಫ್ಯಾನ್ ಸದ್ದೂ ಜಾಸ್ತಿ. 2023ರ ಕೊನೆಯಿಂದ ಇಂಟೆಲ್ ಹೊಸ ಹೆಸರುಗಳಲ್ಲಿ “ಐ” ಅಕ್ಷರವನ್ನೇ ಕೈಬಿಟ್ಟಿದೆ. ಕೋರ್ 5 ಎಂದಿದ್ದರೆ ಹೊಸದು, ಐ5 ಎಂದಿದ್ದರೆ ಹಳತು ಎಂದುಕೊಳ್ಳುವವರಿದ್ದಾರೆ. ಆದರೆ ಕೋರ್ 5 120ಯು ಥರದ ಚಿಪ್‌ಗಳ ಒಳಗಿರುವುದು ಹಿಂದಿನ ತಲೆಮಾರಿನ ವಿನ್ಯಾಸವೇ. ಹೆಸರು ಹೊಸದು, ಸರಕು ಹಳೆಯದು.

ರ‍್ಯಾಮ್ 16 ಜಿಬಿ ಇರಲಿ. ಈಗ 8 ಜಿಬಿಯೇ ಕೈಗೆಟುಕುವುದಾದರೆ ಖಾಲಿ ಸ್ಲಾಟ್ ಒಂದಾದರೂ ಇರುವ ಮಾಡೆಲ್ ಹುಡುಕಿ. ಸ್ಲಾಟಿಗೆ ಇನ್ನೊಂದು ಲಾಭವಿದೆ, ಅಂಗಡಿಯವರು ಅದನ್ನು ಹೇಳುವುದು ಕಡಿಮೆ. ಲ್ಯಾಪ್‌ಟಾಪಿನ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮಿನಿಂದಲೇ ಎರವಲು ಪಡೆಯುತ್ತದೆ. ಒಂದೇ ಕಡ್ಡಿ ರ‍್ಯಾಮ್ ಇದ್ದರೆ ದಾರಿ ಒಂದೇ, ಎರಡು ಕಡ್ಡಿ ಹಾಕಿದರೆ ದಾರಿ ಎರಡು. ಇಂಟೆಲಿನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಒಂದೇ ಕಡ್ಡಿ ಇದ್ದರೆ ವಿಂಡೋಸ್ ಅದನ್ನು ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ತೋರಿಸುತ್ತದೆ. ಇನ್ನೊಂದು ಕಡ್ಡಿ ಸೇರಿಸಿ ನೋಡಿ, ಹೆಸರೂ ಬದಲಾಗುತ್ತದೆ, ವೇಗವೂ ಏರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಆಸೆ ಹುಟ್ಟಿದವರು ಮೊದಲು ಇಷ್ಟು ಮಾಡಿ ನೋಡುವುದು ಒಳ್ಳೆಯದು. ಎಷ್ಟೋ ಸಲ ಆಸೆ ಅಲ್ಲಿಗೇ ತಣಿಯುತ್ತದೆ.

ಪರದೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1920×1080ಕ್ಕಿಂತ ಕಡಿಮೆ ಬೇಡ, ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ) ಇರಲಿ. “ಶೇ 45 ಎನ್‌ಟಿಎಸ್‌ಸಿ” ಎಂದು ಬರೆದಿದ್ದರೆ ಬಣ್ಣ ಪೇಲವ ಎಂದರ್ಥ. ಹೋಂಸ್ಟೇಯ ಫೋಟೊ, ರೀಲ್ಸ್ ತಿದ್ದುವವರಿಗೆ ಇದು ಕಾಡುತ್ತದೆ, ಉಳಿದವರಿಗೆ ಅಷ್ಟಾಗಿ ಇಲ್ಲ.

ಹಳೆಯ ಆಫೀಸ್ ಲ್ಯಾಪ್‌ಟಾಪುಗಳನ್ನು ಶುಚಿಮಾಡಿ ಮಾರುವ ರಿಫರ್ಬಿಶ್ಡ್ ಮಾಲು ಕೂಡ ಯೋಚಿಸತಕ್ಕದ್ದೇ. ಒಂದು ಗೆರೆ ಮಾತ್ರ ದಾಟಬಾರದು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಕೂರುವುದು ಹೆಚ್ಚುಕಮ್ಮಿ ಇಂಟೆಲಿನ ಎಂಟನೇ ತಲೆಮಾರು ಮತ್ತು ಅದರ ನಂತರದವುಗಳ ಮೇಲೆ. ಆರನೇ, ಏಳನೇ ತಲೆಮಾರಿನ ಲ್ಯಾಪ್‌ಟಾಪು ಎಷ್ಟೇ ಅಗ್ಗಕ್ಕೆ ಸಿಕ್ಕರೂ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳುವ ಧೈರ್ಯ ಇದ್ದವರಿಗಷ್ಟೇ ಸರಿ. ಎಂಟನೇ ತಲೆಮಾರಿನ ಥಿಂಕ್‌ಪ್ಯಾಡ್ ಟಿ480ಯಂಥದ್ದು ಈ ಗೆರೆಯ ಒಳಗಿದೆ. ಎರಡು ರ‍್ಯಾಮ್ ಸ್ಲಾಟ್, ಕಳಚಿ ಹಾಕುವ ಹಿಂಬದಿ ಬ್ಯಾಟರಿ, ಮೇಲಾಗಿ ಥಂಡರ್‌ಬೋಲ್ಟ್ 3 ಪೋರ್ಟ್. ಈ ಥಂಡರ್‌ಬೋಲ್ಟ್ ಎಂಬ ಪದ ನೆನಪಿರಲಿ.

ಗ್ರಾಫಿಕ್ಸ್ ನಿಜಕ್ಕೂ ಯಾರಿಗೆ ಬೇಕು

ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಎಂಜಿನಿಯರಿಂಗ್ ಸೇರುವ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನ ಅವಶ್ಯಕತೆ ಇಲ್ಲವೇ ಇಲ್ಲ. ಸಿ, ಜಾವಾ, ಪೈಥಾನ್ ಬರೆಯಲು ಬೇಕಾಗುವುದು ಪ್ರೊಸೆಸರು ಮತ್ತು ರ‍್ಯಾಮ್. ಸಿವಿಲ್‌ನವರ ಆಟೋಕ್ಯಾಡ್ ನಕ್ಷೆಗಳು, ಅರಣ್ಯಶಾಸ್ತ್ರ ಓದುವವರ ಕ್ಯೂಜಿಐಎಸ್ ಭೂಪಟದ ಕೆಲಸ, ತೋಟದ ಲೆಕ್ಕ, ಹೋಂಸ್ಟೇ ಬುಕಿಂಗ್ ಎಲ್ಲವೂ ಒಳಗಿನ ಗ್ರಾಫಿಕ್ಸಿನಲ್ಲೇ ಸಾಗುತ್ತವೆ. ನೂರಾರು ಬಿಡಿಭಾಗಗಳಿರುವ ಮೂರು ಆಯಾಮದ ಯಂತ್ರವಿನ್ಯಾಸ, ಬ್ಲೆಂಡರ್ ತಂತ್ರಾಂಶದಲ್ಲಿ ರೆಂಡರಿಂಗ್ (ಮೂರು ಆಯಾಮದ ದೃಶ್ಯವನ್ನು ಚಿತ್ರವಾಗಿಸುವುದು), ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ಡ್ರೋನ್ ದೃಶ್ಯಗಳ ಎಡಿಟಿಂಗ್, ಮಷಿನ್ ಲರ್ನಿಂಗ್, ಮತ್ತೆ ಗೇಮು: ಕಾರ್ಡು ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಮನೆಯವರ ಮುಂದೆ ಮೊದಲ ನಾಲ್ಕನ್ನು ಹೇಳಿ ಐದನೆಯದಕ್ಕಾಗಿ ಕೊಳ್ಳುವುದು ವಾಡಿಕೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಲೆಕ್ಕ ಹಾಕುವಾಗ ನಮಗೆ ನಾವೇ ಸತ್ಯ ಹೇಳಿಕೊಂಡರೆ ಒಳ್ಳೆಯದು. ಏಕೆಂದರೆ ಇಜಿಪಿಯು ಈ ಐದು ಕೆಲಸಗಳನ್ನೂ ಒಂದೇ ಥರ ಮಾಡುವುದಿಲ್ಲ.

ಕೇಬಲ್ ಎಷ್ಟು ಅಗಲ

ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರುವುದು ಪಿಸಿಐಇ ಎನ್ನುವ ಸ್ಲಾಟಿನಲ್ಲಿ. ಅದರಲ್ಲಿ ಹದಿನಾರು ಸಮಾನಾಂತರ ದಾರಿಗಳಿರುತ್ತವೆ, ಲೇನ್ ಎನ್ನುತ್ತಾರೆ. ಪಿಸಿಐಇ 3.0ರ ಒಂದೊಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು 8 ಗಿಗಾಬಿಟ್ ಮಾಹಿತಿ ಸಾಗುತ್ತದೆ, ಹದಿನಾರು ಸೇರಿದರೆ ಸುಮಾರು 128. ಪಿಸಿಐಇ 4.0ರಲ್ಲಿ ಇದರ ದುಪ್ಪಟ್ಟು. ಕಾರ್ಡನ್ನು ಹೊರಗಿಟ್ಟ ಕೂಡಲೇ ಈ ಹೆದ್ದಾರಿ ಕಿರಿದಾಗುತ್ತದೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಹದಮಾಡುವ ಕಾರ್ಖಾನೆ) ಎಷ್ಟೇ ದೊಡ್ಡ ಯಂತ್ರ ಕೂರಿಸಿದರೂ ತೋಟದಿಂದ ಬರುವ ದಾರಿಯಲ್ಲಿ ಲಾರಿ ಹೋಗದೆ ಜೀಪು ಮಾತ್ರ ಹೋಗುತ್ತದೆ ಎಂದರೆ, ಯಂತ್ರ ಅರ್ಧ ಹೊತ್ತು ಮೂಟೆಗಾಗಿ ಕಾಯುತ್ತಾ ನಿಲ್ಲುತ್ತದಲ್ಲ, ಹಾಗೆ.

ಹೊರಗಿನ ಕಾರ್ಡಿಗೆ ಈಗ ಇರುವ ಮುಖ್ಯ ದಾರಿ ಥಂಡರ್‌ಬೋಲ್ಟ್. 2015ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ 3 ಯುಎಸ್‌ಬಿ-ಸಿ ಆಕಾರದ ಕಿಂಡಿಯಲ್ಲೇ 40 ಗಿಗಾಬಿಟ್ ಸಾಗಿಸುತ್ತದೆ. ಆದರೆ ಆ ನಲವತ್ತೂ ಕಾರ್ಡಿಗೆ ಸಿಗುವುದಿಲ್ಲ. ಪಿಸಿಐಇ ಪಾಲಿಗೆ ಬರುವುದು ಹೆಚ್ಚೆಂದರೆ ನಾಲ್ಕು ಲೇನ್, ಅಂದರೆ 32 ಗಿಗಾಬಿಟ್, ನಿಜ ಬಳಕೆಯಲ್ಲಿ ಅದಕ್ಕಿಂತಲೂ ಕಡಿಮೆ. ಹಳೆಯ ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಥಂಡರ್‌ಬೋಲ್ಟ್ 3 ಇದ್ದರೂ ಅದರ ಹಿಂದೆ ಇರುವುದು ಎರಡೇ ಲೇನ್. 2020ರ ಥಂಡರ್‌ಬೋಲ್ಟ್ 4 ವೇಗ ಹೆಚ್ಚಿಸಲಿಲ್ಲ, 32 ಗಿಗಾಬಿಟ್ ಪಿಸಿಐಇ ಕೊಡಲೇಬೇಕು ಎಂದು ತಯಾರಕರಿಗೆ ಕಡ್ಡಾಯ ಮಾಡಿತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಈ ಕಡ್ಡಾಯ ಬಹಳ ಉಪಕಾರಿ. 2023ರಲ್ಲಿ ಪ್ರಕಟವಾದ ಥಂಡರ್‌ಬೋಲ್ಟ್ 5ರಲ್ಲಿ ಪಿಸಿಐಇ ಪಾಲು 64 ಗಿಗಾಬಿಟ್‌ಗೆ ಏರಿದೆ, ಆದರೆ ಅದಿರುವ ಲ್ಯಾಪ್‌ಟಾಪುಗಳು ನಮ್ಮ ಬಜೆಟ್ಟಿನ ಊರಿನವಲ್ಲ.

ಯುಎಸ್‌ಬಿ4 ಎಂಬ ಹೆಸರಿನ ಬಗ್ಗೆ ಎಚ್ಚರ. ರೈಜನ್ 6000 ಸರಣಿಯ ಕಾಲದಿಂದ ಎಎಂಡಿ ಲ್ಯಾಪ್‌ಟಾಪುಗಳಲ್ಲೂ ಅದು ಬಂದಿದೆ, ಇಜಿಪಿಯು ಅದರಲ್ಲಿ ನಡೆಯುತ್ತದೆ ಕೂಡ. ಆದರೆ ಯುಎಸ್‌ಬಿ4 ನಿಯಮದ ಪ್ರಕಾರ ಪಿಸಿಐಇ ಸಾಗಿಸುವುದು ಕಡ್ಡಾಯವಲ್ಲ, ತಯಾರಕರ ಇಷ್ಟ. ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ವಿವರಪಟ್ಟಿ ನೋಡಿಯೇ ತಿಳಿಯಬೇಕು. ಇನ್ನು ಐವತ್ತು ಸಾವಿರದೊಳಗಿನ ಹೊಸ ಲ್ಯಾಪ್‌ಟಾಪುಗಳಲ್ಲಿ ಕಾಣುವ ಯುಎಸ್‌ಬಿ-ಸಿ ಕಿಂಡಿ ಬಹುಪಾಲು ಸಾದಾ 5 ಅಥವಾ 10 ಗಿಗಾಬಿಟ್ಟಿನದು. ಪೆನ್‌ಡ್ರೈವಿಗೆ ಸರಿ, ಕೆಲವದರಲ್ಲಿ ಚಾರ್ಜಿಂಗಿಗೂ ಸರಿ, ಗ್ರಾಫಿಕ್ಸ್ ಕಾರ್ಡಿಗೆ ಅಲ್ಲ. ಆಕಾರ ಒಂದೇ ಇದ್ದುದರಿಂದ ಕೇಬಲ್ ಒಳಗೆ ಹೋಗುತ್ತದೆ, ಏನೂ ಆಗುವುದಿಲ್ಲ. ಕಿಂಡಿಯ ಪಕ್ಕ ಮಿಂಚಿನ ಗುರುತು ಇದ್ದರೆ ಥಂಡರ್‌ಬೋಲ್ಟ್ ಇರುವ ಸಂಭವ, ಆದರೂ ಪಟ್ಟಿ ನೋಡಿ. ಆನ್‌ಲೈನಿನಲ್ಲಿ ಸಾವಿರ–ಎರಡು ಸಾವಿರಕ್ಕೆ ಸಿಗುವ “ಯುಎಸ್‌ಬಿ ಗ್ರಾಫಿಕ್ಸ್ ಅಡಾಪ್ಟರ್” ಎನ್ನುವುದು ಇನ್ನೊಂದು ಬಲೆ. ಅದು ಹೆಚ್ಚುವರಿ ಮಾನಿಟರ್ ಜೋಡಿಸುವ ಸಾಧನ. ಗೇಮಿಗೂ ಅದಕ್ಕೂ ಸಂಬಂಧವಿಲ್ಲ. ಆಪಲ್‌ನ ಎಂ1 ಮತ್ತು ನಂತರದ ಚಿಪ್ ಇರುವ ಮ್ಯಾಕ್‌ಬುಕ್‌ಗಳಲ್ಲಿ ಥಂಡರ್‌ಬೋಲ್ಟ್ ಇದ್ದರೂ ಇಜಿಪಿಯುಗೆ ಆಪಲ್ ಬೆಂಬಲ ಕೊಟ್ಟಿಲ್ಲ.

ಕಿರಿದಾದ ದಾರಿಯ ಪೆಟ್ಟು ಎಲ್ಲ ಕೆಲಸಕ್ಕೂ ಸಮನಾಗಿ ಬೀಳುವುದಿಲ್ಲ. ಬ್ಲೆಂಡರಿನಲ್ಲಿ ದೃಶ್ಯ ಒಮ್ಮೆ ಕಾರ್ಡಿನ ಮೆಮೊರಿಗೆ ಏರಿತೆಂದರೆ ಆಮೇಲೆ ಕಾರ್ಡು ತನ್ನಷ್ಟಕ್ಕೆ ದುಡಿಯುತ್ತದೆ, ಕೇಬಲ್ ಸುಮ್ಮನಿರುತ್ತದೆ. ಮಷಿನ್ ಲರ್ನಿಂಗ್‌ನಲ್ಲೂ ಮಾಡೆಲ್ ಕಾರ್ಡಿನ ಮೆಮೊರಿಯೊಳಗೆ ಹಿಡಿಸಿದರೆ ಬಹುಮಟ್ಟಿಗೆ ಹಾಗೆಯೇ. ಗೇಮು ಹಾಗಲ್ಲ. ಪ್ರತಿ ಫ್ರೇಮಿಗೂ (ಪರದೆಯ ಒಂದೊಂದು ಚಿತ್ರಕ್ಕೂ) ಪ್ರೊಸೆಸರ್ ಮತ್ತು ಕಾರ್ಡಿನ ನಡುವೆ ಓಡಾಟ ಇದ್ದೇ ಇದೆ. ಸೆಕೆಂಡಿಗೆ 60 ಫ್ರೇಮ್ ಸಾಕೆನ್ನುವವರಿಗೆ ನಷ್ಟ ಅಷ್ಟಾಗಿ ತಿಳಿಯದು. 144 ಬೇಕೆನ್ನುವ ಶೂಟಿಂಗ್ ಗೇಮಿನವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡುವುದಾದರೆ ತಯಾರಾದ ಫ್ರೇಮು ಅದೇ ಕೇಬಲಿನಲ್ಲಿ ವಾಪಸ್ ಬರಬೇಕು, ನಷ್ಟ ಇನ್ನೂ ಹೆಚ್ಚು. ಹಾಗಾಗಿ ಕಾರ್ಡಿಗೇ ನೇರವಾಗಿ ಸಿಕ್ಕಿಸಿದ ಮಾನಿಟರ್ ಬೇಕು, ಅದೂ ಖರ್ಚಿನ ಪಟ್ಟಿಗೆ ಸೇರುತ್ತದೆ.

ಕಾರ್ಡಿನ ಮೆಮೊರಿ ಕಡಿಮೆ ಇದ್ದಷ್ಟೂ ಕೇಬಲಿನ ಮೇಲೆ ಭಾರ ಜಾಸ್ತಿ. ಹಿಡಿಸದೆ ಚೆಲ್ಲಿದ್ದು ಲ್ಯಾಪ್‌ಟಾಪಿನ ರ‍್ಯಾಮಿಗೆ ಹೋಗಿ ಬರಬೇಕಾಗುತ್ತದೆ. ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ಪಾಠದಂತಿದೆ. 4 ಜಿಬಿ ಮೆಮೊರಿ, ನಾಲ್ಕೇ ಲೇನ್. ಡೆಸ್ಕ್‌ಟಾಪಿನಲ್ಲೇ ಹಳೆಯ ಪಿಸಿಐಇ 3.0 ಸ್ಲಾಟಿನಲ್ಲಿ ಹಾಕಿದರೆ ಮುಗ್ಗರಿಸುವ ಕಾರ್ಡು ಅದು. ಇಜಿಪಿಯುಗೆ ಅಗ್ಗವೆಂದು ಅದನ್ನು ತಂದರೆ ಎರಡು ಕಡೆ ಪೆಟ್ಟು. 8 ಜಿಬಿಯ ಆರ್‌ಎಕ್ಸ್ 6600, 12 ಜಿಬಿಯ ಆರ್‌ಟಿಎಕ್ಸ್ 3060 ಇಂಥ ಮಧ್ಯಮ ಕಾರ್ಡುಗಳು ಈ ದಾರಿಗೆ ಹೊಂದುತ್ತವೆ. ಅದಕ್ಕಿಂತ ದುಬಾರಿ ಕಾರ್ಡು ಹಾಕಿದರೆ ಹೆಚ್ಚಿನ ಬಲ ಕೇಬಲಿನಲ್ಲೇ ಸೋರಿಹೋಗುತ್ತದೆ. ಹಳೆಯ ಕಾರ್ಡು ಕೊಳ್ಳುವವರಿಗೆ ಒಂದು ಮಾತು: 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಡಿಜಿಟಲ್ ಹಣ ತನ್ನ ಪದ್ಧತಿ ಬದಲಿಸಿ ಕಾರ್ಡುಗಳಿಂದ ಮೈನಿಂಗ್ (ಲೆಕ್ಕ ಬಿಡಿಸಿ ಆ ಹಣ ಗಳಿಸುವುದು) ಮಾಡುವುದನ್ನು ನಿಲ್ಲಿಸಿದ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಆದರೆ ಒಂದು ಗಂಟೆ ಭಾರ ಹಾಕಿ, ಫ್ಯಾನ್ ಸದ್ದು ಕೇಳಿ, ಬಿಸಿ ನೋಡದೆ ದುಡ್ಡು ಕೊಡಬೇಡಿ.

ಲೆಕ್ಕ ಮಾಡೋಣ. ಕಾರ್ಡು, ಅದನ್ನು ಕೂರಿಸುವ ಪೆಟ್ಟಿಗೆ, ಮಾನಿಟರ್, ಜೊತೆಗೆ ಥಂಡರ್‌ಬೋಲ್ಟ್ ಇರುವ ಲ್ಯಾಪ್‌ಟಾಪಿಗೆ ತೆರುವ ಹೆಚ್ಚಿನ ಬೆಲೆ. ರೇಜರ್ ಕೋರ್ ಎಕ್ಸ್ ಎಂಬ ಹೆಸರುವಾಸಿ ಪೆಟ್ಟಿಗೆ 2018ರಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 299 ಡಾಲರ್, ಒಳಗೆ ಕಾರ್ಡು ಇಲ್ಲದೆ. ಸಾಗಣೆ, ಸುಂಕ ಸೇರಿ ಇಲ್ಲಿಗೆ ಬರುವಾಗ ಖಾಲಿ ಪೆಟ್ಟಿಗೆಯೇ ಅರ್ಧ ಲ್ಯಾಪ್‌ಟಾಪಿನ ಬೆಲೆ. ಎಲ್ಲ ಕೂಡಿಸಿದರೆ ಆರ್‌ಟಿಎಕ್ಸ್ 3050 ಅಥವಾ 4050 ಇರುವ ಗೇಮಿಂಗ್ ಲ್ಯಾಪ್‌ಟಾಪನ್ನು ಮೊದಲೇ ಕೊಂಡಿದ್ದರೆ ಆಗುತ್ತಿದ್ದ ಖರ್ಚನ್ನು ಇದು ಸುಲಭವಾಗಿ ದಾಟುತ್ತದೆ. ಇಜಿಪಿಯು ಎನ್ನುವುದು ದುಡ್ಡು ಉಳಿಸುವ ದಾರಿಯಲ್ಲ, ಖರ್ಚನ್ನು ಎರಡು ಕಾಲಕ್ಕೆ ಹಂಚುವ ದಾರಿ ಅಷ್ಟೇ.

ಅಗ್ಗದ ಅಡ್ಡದಾರಿಗಳೂ ಇವೆ. ಲ್ಯಾಪ್‌ಟಾಪಿನ ಒಳಗೆ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟು ಸಾಮಾನ್ಯವಾಗಿ ಪಿಸಿಐಇ ದಾರಿಯೇ, ಬಹುಪಾಲು ನಾಲ್ಕು ಲೇನಿನದು. ಎರಡನೇ ಎಂ.2 ಸ್ಲಾಟ್ ಇರುವ ಲ್ಯಾಪ್‌ಟಾಪಿನಲ್ಲಿ ಅಲ್ಲಿಂದ ಚಪ್ಪಟೆ ಕೇಬಲ್ ಹೊರಗೆಳೆದು, ಬೋರ್ಡಿನ ತುಂಡೊಂದಕ್ಕೆ ಕಾರ್ಡು ಸಿಕ್ಕಿಸಿ, ಡೆಸ್ಕ್‌ಟಾಪಿನ ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) ಕರೆಂಟು ಕೊಡುತ್ತಾರೆ. ಥಂಡರ್‌ಬೋಲ್ಟ್‌ನ ಮಧ್ಯವರ್ತಿ ಚಿಪ್ ಇಲ್ಲದ್ದರಿಂದ ವೇಗವೂ ಎಷ್ಟೋ ಸಲ ಹೆಚ್ಚು. ಆದರೆ ತಳದ ಮುಚ್ಚಳ ತೆಗೆದೇ ಇಡಬೇಕು, ಇಲ್ಲವೇ ಕೊರೆಯಬೇಕು. ಚಾಲೂ ಇರುವಾಗ ಕೇಬಲ್ ಮುಟ್ಟುವ ಹಾಗಿಲ್ಲ. ಮೊದಲು ಕಾರ್ಡಿಗೆ ಕರೆಂಟು, ಆಮೇಲೆ ಲ್ಯಾಪ್‌ಟಾಪ್. ಓಕ್ಯುಲಿಂಕ್ ಎಂಬುದು ಇದರ ಮರ್ಯಾದಸ್ಥ ರೂಪ. ಹೊರಗೆ ಸರಿಯಾದ ಕಿಂಡಿ, ಪಿಸಿಐಇ 4.0ರ ನಾಲ್ಕು ಲೇನಾದರೆ 64 ಗಿಗಾಬಿಟ್. ಆದರೆ ಲ್ಯಾಪ್‌ಟಾಪನ್ನು ಚಾರ್ಜ್ ಮಾಡುವುದಿಲ್ಲ, ಚಾಲೂ ಇರುವಾಗ ಕಿತ್ತು ಹಾಕಲು ಸಾಮಾನ್ಯವಾಗಿ ಆಗದು, ಮತ್ತು ಆ ಕಿಂಡಿ ಇರುವ ಲ್ಯಾಪ್‌ಟಾಪುಗಳು ಬೆರಳೆಣಿಕೆಯವು. ಹತ್ತು ವರ್ಷ ಹಿಂದೆ ಹುಡುಗರು ಹಳೆಯ ಲ್ಯಾಪ್‌ಟಾಪಿನ ವೈಫೈ ಸ್ಲಾಟಿನಿಂದ ಎಳೆಯುತ್ತಿದ್ದ ಒಂದೇ ಲೇನಿನ ಡಾಕ್‌ಗಳು (ಕಾರ್ಡು ಕೂರಿಸುವ ಬೋರ್ಡುಗಳು) ಈಗಲೂ ಮಾರಾಟಕ್ಕಿವೆ. ಬೇಡ.

ಮಳೆ, ಕರೆಂಟು, ಯುಪಿಎಸ್

ಇಲ್ಲಿಯ ತನಕ ಹೇಳಿದ್ದು ಬೆಂಗಳೂರಿನವರಿಗೂ ಅನ್ವಯ. ಜೂನ್ ಬಂದರೆ ನಮ್ಮ ಲೆಕ್ಕವೇ ಬೇರೆ. ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಒಳಗಿನ ಊರುಗಳಲ್ಲಿ ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ, ಕೆಲವು ಸಲ ದಿನಗಟ್ಟಲೆ. ಲ್ಯಾಪ್‌ಟಾಪು ಇಂಥ ಊರಿಗೆಂದೇ ಮಾಡಿದಂಥ ಯಂತ್ರ. ಬರವಣಿಗೆ, ಕೋಡಿಂಗ್ ಮಾಡುವಾಗ ಯು ಸರಣಿಯ ಲ್ಯಾಪ್‌ಟಾಪ್ ಸುಮಾರು 10 ವ್ಯಾಟ್ ತಿನ್ನುತ್ತದೆ. 50 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಐದು ಗಂಟೆ ಕಳೆಯುತ್ತದೆ.

ಇಜಿಪಿಯು ಇದರ ತದ್ವಿರುದ್ಧ. ಆರ್‌ಟಿಎಕ್ಸ್ 3060 ಒಂದಕ್ಕೇ 170 ವ್ಯಾಟ್. ಲ್ಯಾಪ್‌ಟಾಪ್, ಮಾನಿಟರ್, ಎಸ್‌ಎಂಪಿಎಸ್‌ನ ನಷ್ಟ ಸೇರಿದರೆ 250 ವ್ಯಾಟ್ ದಾಟುತ್ತದೆ. ಮನೆಗಳಲ್ಲಿ ಕಾಣುವ 600 ವಿಎ ಯುಪಿಎಸ್ ತಡೆಯುವುದು ಸಾಮಾನ್ಯವಾಗಿ 360 ವ್ಯಾಟ್. ಅದರ ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿರುವುದು ಕಾಗದದ ಲೆಕ್ಕಕ್ಕೆ 84 ವ್ಯಾಟ್-ಅವರ್. ಫೈಲು ಸೇವ್ ಮಾಡಿ ಎಲ್ಲವನ್ನೂ ಆರಿಸುವಷ್ಟು ಹೊತ್ತು ಸಿಗುತ್ತದೆ, ಗೇಮ್ ಮುಗಿಸುವಷ್ಟಲ್ಲ. 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದೆ ನಿಜ. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಕಕ್ಕಡದ (ಕೊಡಗಿನ ಜಡಿಮಳೆಯ ತಿಂಗಳು) ರಾತ್ರಿಯಲ್ಲಿ ಅದನ್ನು ಗೇಮಿಗೆ ಸುರಿದರೆ ಅಮ್ಮ ಏನನ್ನುತ್ತಾರೆ ಎನ್ನುವುದನ್ನು ನಾನು ಬರೆಯಬೇಕಾಗಿಲ್ಲ.

ಯುಪಿಎಸ್ ಇಲ್ಲದಿದ್ದರೆ ಇನ್ನೊಂದು ತೊಂದರೆ. ಕರೆಂಟು ಹೋದ ಕ್ಷಣ ಕಾರ್ಡು ಆರುತ್ತದೆ, ಲ್ಯಾಪ್‌ಟಾಪು ಮಾತ್ರ ಬ್ಯಾಟರಿಯಲ್ಲಿ ಬದುಕಿರುತ್ತದೆ. ಓಡುತ್ತಿದ್ದಾಗ ಕಾರ್ಡನ್ನು ಕಿತ್ತ ಹಾಗೆ. ಥಂಡರ್‌ಬೋಲ್ಟ್ ಇದ್ದರೆ ಬಹುಶಃ ನಡೆಯುತ್ತಿದ್ದ ತಂತ್ರಾಂಶ ಮಾತ್ರ ಬೀಳಬಹುದು, ಎಂ.2 ಅಥವಾ ಓಕ್ಯುಲಿಂಕ್ ಆದರೆ ಇಡೀ ಲ್ಯಾಪ್‌ಟಾಪೇ ಹೆಪ್ಪುಗಟ್ಟಬಹುದು. ರಾತ್ರಿಯಿಡೀ ಓಡಲೆಂದು ಬಿಟ್ಟ ರೆಂಡರಿಂಗು ಹೋಯಿತೆಂದೇ ಲೆಕ್ಕ.

ತೇವದ ವಿಷಯವೂ ಇದೆ. ಮಡಿಕೇರಿಯ ತಂಪಿನಲ್ಲಿ ಫ್ಯಾನುಗಳಿಗೆ ಆರಾಮ, ಬಯಲುಸೀಮೆಯವರಿಗೆ ಈ ಭಾಗ್ಯವಿಲ್ಲ. ಆದರೆ ಒಗೆದ ಬಟ್ಟೆ ವಾರವಾದರೂ ಒಣಗದ ಮನೆಯಲ್ಲಿ ಎಂ.2 ಡಾಕಿನ ಬೆತ್ತಲೆ ಬೋರ್ಡನ್ನು ಮೇಜಿನ ಮೇಲೆ ತೆರೆದಿಡುವುದು ಧೈರ್ಯದ ಕೆಲಸ. ಬೆಚ್ಚಗಿನ ಜಾಗ ಹಲ್ಲಿಗೂ ಇಷ್ಟ. ಲ್ಯಾಪ್‌ಟಾಪನ್ನು ಮಳೆಗಾಲದಲ್ಲಿ ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಿ, ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆ ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಬರೀ ಉದ್ದದ ಸ್ವಿಚ್‌ಬೋರ್ಡ್.

ಹಾಗಾದರೆ ಏನು ಕೊಳ್ಳುವುದು

ಹಾಸ್ಟೆಲಿಗೆ ಹೋಗುವವರು ಇಜಿಪಿಯು ಯೋಚನೆಯನ್ನೇ ಬಿಡಿ. ಕಾರ್ಡಿನ ಅಗತ್ಯ ಇಲ್ಲದವರಿಗೆ ರೈಜನ್ 5 7530ಯು ಅಥವಾ ಅದರ ಸಮಕ್ಕೆ ನಿಲ್ಲುವ ಇಂಟೆಲ್ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ನಾಲ್ಕು ವರ್ಷ ದೂಡುತ್ತದೆ. ಕೊನೆಯ ವರ್ಷದಲ್ಲಿ ಮಷಿನ್ ಲರ್ನಿಂಗ್ ಪ್ರಾಜೆಕ್ಟ್ ಬಂದರೆ ಗೂಗಲ್ ಕೊಲ್ಯಾಬ್ (ಇಂಟರ್ನೆಟ್ಟಿನ ಮೂಲಕ ಗೂಗಲಿನ ಕಂಪ್ಯೂಟರ್ ಬಳಸುವ ಸೌಲಭ್ಯ) ಇದೆ. ಉಚಿತ ಪಾಲಿನಲ್ಲೂ ಸಾಮಾನ್ಯವಾಗಿ ಕಾರ್ಡು ಸಿಗುತ್ತದೆ, ಸಮಯದ ಮಿತಿಯೂ ಇರುತ್ತದೆ. ಕಾರ್ಡು ಖಂಡಿತ ಬೇಕು ಎನ್ನುವವರು ಬಜೆಟ್ಟನ್ನು ಇನ್ನಷ್ಟು ಎಳೆದು ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳಲಿ. ಅಲ್ಲಿ ನೋಡಬೇಕಾದದ್ದು ಕಾರ್ಡಿನ ಹೆಸರಿಗಿಂತ ಅದಕ್ಕೆ ಎಷ್ಟು ವ್ಯಾಟ್ ಬಿಟ್ಟಿದ್ದಾರೆ ಎಂಬುದನ್ನು. ಆರ್‌ಟಿಎಕ್ಸ್ 4050ಯನ್ನು 35 ವ್ಯಾಟ್‌ನಿಂದ 115 ವ್ಯಾಟ್ ತನಕ ಹೇಗೆ ಬೇಕಾದರೂ ಹೊಂದಿಸಲು ತಯಾರಕರಿಗೆ ಅವಕಾಶವಿದೆ. ತೆಳುವಾದ ಚಂದದ ಲ್ಯಾಪ್‌ಟಾಪಿನ 4050ಯೂ ದಪ್ಪನೆಯದರ 4050ಯೂ ಒಂದೇ ಅಲ್ಲ.

ಮನೆಯಲ್ಲೇ ಕೂತು ಗೇಮು, ಎಡಿಟಿಂಗ್ ಮಾಡುವವರಿಗೆ ನನ್ನ ಸಲಹೆ ಬೇರೆ: ಸಾದಾ ಲ್ಯಾಪ್‌ಟಾಪ್ ಇರಲಿ, ಕಾಫಿ ದುಡ್ಡು ಬಂದಾಗ ಇಜಿಪಿಯು ಪೆಟ್ಟಿಗೆಯ ಬದಲು ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತನ್ನಿ. ಅದೇ ಕಾರ್ಡು ಅಲ್ಲಿ ಪೂರ್ತಿ ಅಗಲದ ಸ್ಲಾಟಿನಲ್ಲಿ ಕೂರುತ್ತದೆ. ಕಚೇರಿಗಳಿಂದ ಹೊರಬಂದ ಹಳೆಯ ಟವರುಗಳಾದರೆ ಅವುಗಳ ಪವರ್ ಸಪ್ಲೈ ಸಣ್ಣದು. ಸ್ಲಾಟಿನಿಂದಲೇ ಸಿಗುವ 75 ವ್ಯಾಟ್‌ನಲ್ಲಿ ಓಡುವ ಕಾರ್ಡನ್ನೇ ಹಾಕಬೇಕಾಗಬಹುದು.

ಇಜಿಪಿಯು ಒಪ್ಪುವವರು ಯಾರೂ ಇಲ್ಲವೆಂದಲ್ಲ. ಬೆಂಗಳೂರಿನ ಐಟಿ ಕೆಲಸವನ್ನು ತೋಟದ ಮನೆಯಿಂದಲೇ ಮಾಡುವವರು ಈಗ ಕೊಡಗಿನಲ್ಲಿ ಸಾಕಷ್ಟಿದ್ದಾರೆ. ಒಳ್ಳೆಯ ಥಂಡರ್‌ಬೋಲ್ಟ್ 4 ಲ್ಯಾಪ್‌ಟಾಪು, ಮೇಜಿನ ಮೇಲೆ ಮಾನಿಟರು, ದೊಡ್ಡ ಇನ್ವರ್ಟರು ಎಲ್ಲ ಮೊದಲೇ ಇರುವವರಿಗೆ ಉಳಿಯುವ ಖರ್ಚು ಪೆಟ್ಟಿಗೆ ಮತ್ತು ಕಾರ್ಡಿನದು ಮಾತ್ರ. ಸಂಜೆ ಕೆಲಸ ಮುಗಿದ ಮೇಲೆ ಒಂದೇ ಕೇಬಲ್ ಸಿಕ್ಕಿಸಿದರೆ ಚಾರ್ಜಿಂಗೂ ಆಯಿತು, ಗೇಮೂ ಆಯಿತು. ಲ್ಯಾಪ್‌ಟಾಪು ಸ್ವಂತದ್ದಾಗಿರಬೇಕು ಅಷ್ಟೇ. ಕಂಪನಿ ಕೊಟ್ಟದ್ದರಲ್ಲಿ ಥಂಡರ್‌ಬೋಲ್ಟಿಗೆ ಹೊರಗಿನ ಸಾಧನ ಹಾಕದಂತೆ ಐಟಿಯವರು ಬಯೋಸಿನಲ್ಲೇ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಬೀಗ ಹಾಕಿರಬಹುದು.

ಕೊನೆಗೆ ಅಂಗಡಿಯ ಮಾತು. ಆನ್‌ಲೈನಿನಲ್ಲಿ ಎರಡು ಸಾವಿರ ಅಗ್ಗ ಎಂದು ಒತ್ತುವ ಮೊದಲು ಆ ಕಂಪನಿಯ ವಾರಂಟಿ ಮನೆಗೇ ಬಂದು ರಿಪೇರಿ ಮಾಡುವಂಥದ್ದೋ, ನಾವೇ ಹೊತ್ತೊಯ್ಯಬೇಕಾದದ್ದೋ ನೋಡಿ. ಮನೆಗೆ ಬರುತ್ತಾರೆ ಎಂದಿದ್ದರೂ ನಿಮ್ಮ ಪಿನ್‌ಕೋಡಿಗೆ ಬರುತ್ತಾರೋ ಎಂದು ಕಸ್ಟಮರ್ ಕೇರಿಗೆ ಕೇಳಿ. ಮಡಿಕೇರಿಯ 571201ಕ್ಕೆ ಬರುವವರು ಭಾಗಮಂಡಲದ ಆಚೆಗೆ ಬರುತ್ತಾರೆಂದು ನಂಬಬೇಡಿ. ಬರದಿದ್ದರೆ ನೀವು ಮೈಸೂರಿಗೋ ಮಂಗಳೂರಿಗೋ ಬಸ್ ಹತ್ತಬೇಕು, ಕೊಡಲು ಒಮ್ಮೆ, ತರಲು ಇನ್ನೊಮ್ಮೆ. ನೀರು ಬಿದ್ದದ್ದು, ವೋಲ್ಟೇಜ್ ಏರಿ ಸುಟ್ಟದ್ದು ಸಾಮಾನ್ಯ ವಾರಂಟಿಗೆ ಸೇರುವುದಿಲ್ಲ. ಅದಕ್ಕೆ ಬೇರೆ ಆಕ್ಸಿಡೆಂಟಲ್ ಡ್ಯಾಮೇಜ್ ಯೋಜನೆ ಇರುತ್ತದೆ, ನಮ್ಮ ಜಿಲ್ಲೆಯಲ್ಲಿ ಎಸ್‌ಎಸ್‌ಡಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಅದಕ್ಕೆ ಹಾಕುವುದು ಮೇಲು. ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವಿಭಾಗದಲ್ಲಿ ಎಷ್ಟು ಸ್ಲಾಟ್ ತುಂಬಿವೆ ಎಂದು ನೋಡಿ, ಪ್ರೊಸೆಸರಿನ ಪೂರ್ತಿ ಸಂಖ್ಯೆಯನ್ನು ಬಿಲ್ಲಿನ ಜೊತೆ ತಾಳೆ ಹಾಕಿ. ವಾಪಸ್ ಕೊಡುವ ಅವಧಿ ಆನ್‌ಲೈನಿನಲ್ಲಿ ಕೆಲವೇ ದಿನ, ಮತ್ತು ಮಳೆಯಲ್ಲಿ ಘಾಟಿ ರಸ್ತೆ ಮುಚ್ಚಿತು ಎನ್ನುವ ಕಾರಣಕ್ಕೆ ಆ ದಿನಗಳನ್ನು ಯಾರೂ ಮುಂದೂಡುವುದಿಲ್ಲ.